ಹಳೇ ಫಿಯಟ್ ಇಬ್ಬರದೂ, ಆದರೆ ಯಾರ ಮಾತು ನಡೆಯಬೇಕು?

ದಾವಣಗೆರೆ ಡಿಲೈಟ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಈಗಲೇ.

ನಾನು, ನಮ್ಮ ಯಜಮಾನರು ಸೇರಿ ಕಳೆದ ವರ್ಷ ಒಂದು 1969ರ ಫಿಯಟ್ 1100 ಡಿಲೈಟ್ ತಗೊಂಡೆವು. ಹರಿಹರದ ಹತ್ತಿರ ಒಬ್ಬ ನಿವೃತ್ತ ಮೇಷ್ಟ್ರ ಶೆಡ್‌ನಲ್ಲಿತ್ತು. ದುಡ್ಡು ಅರ್ಧ ಅವರದು, ಅರ್ಧ ನನ್ನದು. ಆರ್‌ಸಿ ನನ್ನ ಹೆಸರಲ್ಲಿದೆ. ಬಾಡಿ ಗಟ್ಟಿ, ಇಂಜಿನ್ ಓಡುತ್ತದೆ. ಮುಂದಿನ ಬೆಂಚ್ ಸೀಟ್ ಹರಿದು ಸ್ಪ್ರಿಂಗ್ ಹೊರಗೆ ಬಂದಿತ್ತು. ಅದನ್ನು ಹೊಲಿಸುವಾಗ ಎದುರಿಗೆ ನಿಂತಿದ್ದು ನಾನೇ. ಸ್ಟೇರಿಂಗ್ ಪಕ್ಕದ ಗೇರ್ ನನಗೆ ಅವರಿಗಿಂತ ಬೇಗ ಕೈಗೆ ಬಂತು, ಇದನ್ನು ಅವರು ಇವತ್ತಿಗೂ ಒಪ್ಪಲ್ಲ.

ಭಾನುವಾರ ಇಬ್ಬರೂ ಬಾನೆಟ್ ಎತ್ತಿ ನಿಂತರೆ ತಿಂಡಿ ಹೊತ್ತು ಮೀರಿದ್ದು ಗೊತ್ತಾಗಲ್ಲ. ಇಷ್ಟು ದಿನ ಚೆನ್ನಾಗೇ ಇತ್ತು. ಜಗಳ ಶುರುವಾಗಿದ್ದು ಈಗ. ಅವರಿಗೆ ಎಲ್ಲವೂ ಒರಿಜಿನಲ್ ಇರಬೇಕು. ಬ್ಯಾಟರಿ ಚಾರ್ಜ್ ಮಾಡೋಕೆ ಅದೇ ಡೈನಮೋ, ಪ್ಲಗ್‌ಗೆ ಕಿಡಿ ಕೊಡಿಸೋಕೆ ಅದೇ ಪಾಯಿಂಟ್, ಅದೇ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್. ನನಗೆ ಗಾಡಿ ಓಡಬೇಕು. ಚಿಕ್ಕಮಗಳೂರಿಗೆ ಅಮ್ಮನ ಮನೆಗೆ ಹೋಗಿ ಬರಬೇಕು, ದಾರಿಯಲ್ಲಿ ನಿಲ್ಲಬಾರದು. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ಡೈನಮೋ ಬದಲು ಆಲ್ಟರ್ನೇಟರ್, ಜೊತೆಗೆ ಸೀಟ್ ಬೆಲ್ಟ್ ಹಾಕಿಸೋಣ ಅಂದರೆ, "ಹಾಗಾದ್ರೆ ಮಾರುತಿನೇ ತಗೋಬಹುದಿತ್ತಲ್ಲ" ಅಂತಾರೆ.

ಇನ್ನೊಂದು ಪ್ರಶ್ನೆ. ಗಾಡಿಗೆ 50 ವರ್ಷ ದಾಟಿದೆ. ವಿಂಟೇಜ್ ನೋಂದಣಿ ಮಾಡಿಸಲೇಬೇಕಾ? ಗಂಡ ಹೆಂಡತಿ ಇಬ್ಬರೂ ಸೇರಿ ಈ ಹುಚ್ಚು ಹಚ್ಚಿಕೊಂಡವರು ಇದ್ದರೆ ಹೇಳಿ, ನಿಮ್ಮಲ್ಲಿ ಹೇಗೆ ನಡೆಯುತ್ತದೆ?

ಅಂಬಿ ಫ್ಯಾನ್

ಉತ್ತರ ಸುಲಭ. ಆರ್‌ಸಿ ಯಾರ ಹೆಸರಲ್ಲಿದೆಯೋ ಅವರ ಮಾತು.

ಸುಮ್ನೆ ಓದುವವ

ಹೆಂಡತಿಯೇ ಹಳೇ ಕಾರು ಬೇಕು ಅಂತಿದ್ದಾರೆ, ಅರ್ಧ ದುಡ್ಡೂ ಹಾಕಿದ್ದಾರೆ. ನಿಮ್ಮ ಯಜಮಾನರು ಯಾವ ದೇವರಿಗೆ ಹರಕೆ ಹೊತ್ತಿದ್ದರು ಕೇಳಿ ಹೇಳಿ. ನಮ್ಮಲ್ಲಿ ಊರಿನ ಶೆಡ್‌ನಲ್ಲಿ ಒಂದು ಯಜ್ಡಿ ಬೈಕ್ ಇದೆ ಅನ್ನೋದೇ ಇನ್ನೂ ಗುಟ್ಟು.

ಜೆಸಿ ರೋಡ್ ಜಗ್ಗ

ವಿಂಟೇಜ್ ನೋಂದಣಿ ಮಾಡಿಸಲೇಬೇಕು ಮೇಡಂ. 50 ವರ್ಷ ಆದ ಮೇಲೆ ಬೇರೆ ದಾರಿ ಇಲ್ಲ. ಇಲ್ಲಾಂದ್ರೆ ಗುಜರಿಗೆ ಹಾಕಿಸ್ತಾರೆ. 15 ವರ್ಷದ ರೂಲ್ ಬಂದಿದೆಯಲ್ಲ.

ಆರ್‌ಟಿಓ ಅಲೆದಾಟ

ಜಗ್ಗ, ಸುಮ್ನೆ ಹೆದರಿಸಬೇಡಿ. ಪೆಟ್ರೋಲ್ ಗಾಡಿಗೆ 15 ವರ್ಷ, ಡೀಸೆಲ್‌ಗೆ 10 ವರ್ಷ ಅನ್ನೋ ಗಲಾಟೆ ದೆಹಲಿ ಸುತ್ತಮುತ್ತಲಿನದು. ಕರ್ನಾಟಕದಲ್ಲಿ ವಯಸ್ಸಾಯಿತು ಅಂತ ಗಾಡಿ ಕಿತ್ತುಕೊಳ್ಳಲ್ಲ. 15 ವರ್ಷ ಆದಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಮಾಡಿಸಬೇಕು, ಗಾಡಿ ತಗೊಂಡು ಹೋಗಿ ತೋರಿಸಬೇಕು, ಅಷ್ಟೆ. ಖರ್ಚು ಮಾತ್ರ ಏರಿದೆ. ಮೊದಲು ಕಾರಿಗೆ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು.

ಈಗ ವಿಂಟೇಜ್ ವಿಷಯ. 2021ರ ಜುಲೈಯಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಸ್ವಂತ ಬಳಕೆಯ ಗಾಡಿ ಆಗಿರಬೇಕು, ಚಾಸಿಸ್, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು. ಹೊಸದಾಗಿ ನೋಂದಣಿ ಆದರೆ ನಂಬರ್‌ನಲ್ಲಿ ರಾಜ್ಯದ ಅಕ್ಷರ ಆದಮೇಲೆ ವಿಎ ಅಂತ ಬರುತ್ತದೆ. ಆಗಲೇ ನೋಂದಣಿ ಇರುವ ಗಾಡಿಗೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸ ನೋಂದಣಿಗೆ 20,000, ಮರು ನೋಂದಣಿಗೆ 5,000, ಹತ್ತು ವರ್ಷ ಚಾಲ್ತಿ.

ಇದರಲ್ಲಿ ಒಂದು ಕೊಕ್ಕೆ ಇದೆ. ವಿಂಟೇಜ್ ಅಂತ ಬರೆಸಿದ ಮೇಲೆ ಆ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಷ್ಟಕ್ಕೇ ರಸ್ತೆಗೆ ಇಳಿಸಬೇಕು. ನಿಮ್ಮ ಅಮ್ಮನ ಮನೆ ಆ ಪಟ್ಟಿಯಲ್ಲಿಲ್ಲ ಮೇಡಂ. ಓಡಿಸಲೇಬೇಕು ಅಂದರೆ ಮಾಮೂಲಿ ಆರ್‌ಸಿಯನ್ನೇ ನವೀಕರಣ ಮಾಡಿಸಿಕೊಳ್ಳುತ್ತಾ ಹೋಗಿ.

ದಾವಣಗೆರೆ ಡಿಲೈಟ್

ಇದು ಗೊತ್ತೇ ಇರಲಿಲ್ಲ! ಅವರು ವಿಎ ಪ್ಲೇಟ್ ಅಂತ ಕನಸು ಕಾಣುತ್ತಿದ್ದರು. ಈ ಉತ್ತರವನ್ನು ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ನೀಲಿ ಟಿಕ್ ಬಂದಿದೆ, ಜವಾಬಿಲ್ಲ.

ಜೆಸಿ ರೋಡ್ ಜಗ್ಗ

ಸರಿ ಬಿಡಿ ಸಾರ್, ನನಗೆ ಅಂಗಡಿಗೆ ಬರುವವರು ಹೇಳಿದ್ದು. ಸಾಮಾನಿನ ವಿಷಯ ಕೇಳಿ, ಅದು ಗೊತ್ತು. ಪದ್ಮಿನಿಗೆ ಬ್ರೇಕ್ ಕಿಟ್, ಕ್ಲಚ್ ಪ್ಲೇಟ್, ವಾಟರ್ ಪಂಪ್ ಈಗಲೂ ಸಿಗುತ್ತದೆ. ಗಾಜು, ರಬ್ಬರ್ ಬೀಡಿಂಗ್, ಬಾಗಿಲ ಹಿಡಿಕೆ ಇವಕ್ಕೇ ಪರದಾಟ.

ಹೆರಾಲ್ಡ್ ಹುಚ್ಚ

ಅವರದು ಪದ್ಮಿನಿ ಅಲ್ಲ ಜಗ್ಗಣ್ಣ, ಡಿಲೈಟ್. 1964ರಿಂದ ಡಿಲೈಟ್, ಎಪ್ಪತ್ತರ ದಶಕದ ಆರಂಭದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪದ್ಮಿನಿ. ಎಲ್ಲಾ ಮುಂಬೈನ ಕುರ್ಲಾ ಕಾರ್ಖಾನೆಯ ಮಕ್ಕಳೇ. ಇಂಜಿನ್ ಅದೇ 1089 ಸಿಸಿ. ಗ್ರಿಲ್, ಬಂಪರ್, ಬ್ಯಾಡ್ಜ್ ಬೇರೆ. ಆ ಚಿಕ್ಕ ಸಾಮಾನಿಗೇ ಜೀವ ಹೋಗೋದು.

ಅಂಬಿ ಫ್ಯಾನ್

ಡಿಲೈಟ್ ಅಂದ್ರೆ ಮುಂದಿನ ಬಾಗಿಲು ಉಲ್ಟಾ ತೆರೆಯುತ್ತಲ್ಲ, ಅದೇ ಅಲ್ವಾ?

ಹೆರಾಲ್ಡ್ ಹುಚ್ಚ

ಅಲ್ಲ. ಅದು ಡಿಲೈಟ್‌ಗಿಂತ ಮುಂಚಿನ ಮಿಲಿಚೆಂಟೊ. ಬಾಗಿಲ ಕೀಲು ಹಿಂದಿನ ಕಡೆ ಇರುತ್ತಿತ್ತು. ಸೀರೆ ಉಟ್ಟವರಿಗೆ ಇಳಿಯೋಕೆ ಆರಾಮ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಓಡುವಾಗ ಚಿಲಕ ಬಿಟ್ಟುಕೊಂಡರೆ ಮಾತ್ರ ಗಾಳಿ ಬಾಗಿಲನ್ನು ಪೂರ್ತಿ ಕಿತ್ತು ತೆಗೆಯುತ್ತದೆ.

ಮೂಲ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲೂ ಗಂಡ ಹೆಂಡತಿ ಇಬ್ಬರಿಗೂ ಹುಚ್ಚು. ನಮ್ಮದು ಸ್ಟ್ಯಾಂಡರ್ಡ್ ಹೆರಾಲ್ಡ್, ಮದ್ರಾಸಿನಲ್ಲಿ ತಯಾರಾಗಿದ್ದು, ನಾಲ್ಕು ಬಾಗಿಲಿನ ಮಾರ್ಕ್ ತ್ರೀ. ಹೆರಾಲ್ಡ್‌ನ ಬಾನೆಟ್ ಮಡ್‌ಗಾರ್ಡ್ ಸಮೇತ ಪೂರ್ತಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಚಕ್ರದ ಮೇಲೆ ಕೂತೇ ಕೆಲಸ ಮಾಡಬಹುದು. ನಾನು ಒಂದು ಪಕ್ಕ, ಅವಳು ಒಂದು ಪಕ್ಕ. ಅವಳ ಪಕ್ಕದ್ದು ಅವಳ ಇಲಾಖೆ, ನನ್ನ ಪಕ್ಕದ್ದು ನಂದು. ಜಗಳ ಅರ್ಧ ಕಮ್ಮಿ ಆಗಿದ್ದು ಇದರಿಂದಲೇ.

ಇನ್ನರ್ಧಕ್ಕೆ ನಾವು ಮಾಡಿಕೊಂಡಿರುವ ಒಪ್ಪಂದ ಇದು. ವಾಪಸ್ ಹಾಕೋಕೆ ಆಗುವ ಬದಲಾವಣೆ ಯಾರು ಬೇಕಾದರೂ ಮಾಡಬಹುದು. ಕೊರೆಯೋದು, ಕತ್ತರಿಸೋದು, ವೆಲ್ಡ್ ಮಾಡೋದು ಬಂದರೆ ಇಬ್ಬರೂ ಒಪ್ಪಬೇಕು. ಬಿಚ್ಚಿದ ಸಾಮಾನು ಒಂದೂ ಎಸೆಯುವಂತಿಲ್ಲ. ಚೀಟಿ ಬರೆದು, ಎಣ್ಣೆ ಸವರಿ ಡಬ್ಬಿಗೆ ಹಾಕಬೇಕು. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರೆ ಹಳೇ ಪಾಯಿಂಟ್ ಸೆಟ್ ಡಬ್ಬಿಯಲ್ಲಿರುತ್ತದೆ. ಪ್ರದರ್ಶನಕ್ಕೆ ಹೋಗುವಾಗ ಅದನ್ನೇ ಹಾಕಿಕೊಳ್ಳಿ, ಯಾರಿಗೂ ನಷ್ಟ ಇಲ್ಲ.

ಕಾಕಾ ಹುಬ್ಬಳ್ಳಿ

ತಂಗಿ, ನಿನ್ನ ಯಜಮಾನರದೂ ತಪ್ಪಿಲ್ಲ. ನಾನು ಗ್ಯಾರೇಜ್ ಇಟ್ಟಿದ್ದವನು, ಈಗ ಮಗ ನೋಡಿಕೊಳ್ಳುತ್ತಾನೆ. ಪಾಯಿಂಟ್ ಕೆಟ್ಟರೆ ರಸ್ತೆ ಬದಿಯಲ್ಲಿ ಪಾಲಿಶ್ ಕಾಗದದಿಂದ ಉಜ್ಜಿ, ಕಣ್ಣಳತೆಯಲ್ಲಿ ಗ್ಯಾಪ್ ಇಟ್ಟು ಮನೆ ಸೇರಬಹುದು. ಗೇಜ್ ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡ್ ಹಾಕಿ ನೋಡು, ಕೆಲಸ ನಡೆಯುತ್ತದೆ. ಎಲೆಕ್ಟ್ರಾನಿಕ್ ಡಬ್ಬಿ ಸತ್ತರೆ ಸತ್ತಿತು. ಬ್ರಹ್ಮ ಬಂದರೂ ಎಬ್ಬಿಸೋಕೆ ಆಗಲ್ಲ.

ಮತ್ತೆ ನಿಮ್ಮದು ಫಿಯಟ್, ನಟ್ ಬೋಲ್ಟ್ ಎಲ್ಲಾ ಮಿಲಿಮೀಟರ್ ಲೆಕ್ಕ. 10, 13, 17, 19ರ ಪಾನಾ ಇದ್ದರೆ ಬಹಳಷ್ಟು ಕೆಲಸ ಆಗುತ್ತದೆ. ಅಂಬಾಸಿಡರ್‌ನವರಿಗೆ ಇಂಚಿನ ಸೆಟ್ ಬೇರೆ ಬೇಕು. ಹಾಗಾಗಿ ಮನೆಯಲ್ಲಿ ಕಲಿಯೋಕೆ ಫಿಯಟ್ ಒಳ್ಳೆಯ ಗಾಡಿ.

ಘಾಟಿ ಸವಾರ

ಕಾಕಾ, ಡಿಕ್ಕಿಯಲ್ಲಿ ಹಳೇ ಪಾಯಿಂಟ್, ಕಂಡೆನ್ಸರ್ ಇಟ್ಟುಕೊಂಡರೆ ಆಯ್ತಲ್ಲ? ಡಬ್ಬಿ ಸತ್ತರೆ ಹಳೇದು ಹಾಕಿಕೊಂಡು ಬರೋದು. ಎರಡೂ ಕಡೆ ಲಾಭ.

ಕಾಕಾ ಹುಬ್ಬಳ್ಳಿ

ಹಾಕೋಕೆ ಬರಬೇಕಲ್ಲಪ್ಪ. ಈಗಿನವರು ಬಾನೆಟ್ ಎತ್ತಿ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಾರೆ.

ದಾವಣಗೆರೆ ಡಿಲೈಟ್

ಕಾಕಾ, ನನಗೆ ಬರುತ್ತದೆ! ಪಾಯಿಂಟ್ ಅಷ್ಟೇ ಅಲ್ಲ, ಕಾರ್ಬೊರೇಟರ್ ಬಿಚ್ಚಿ ಜೋಡಿಸುವುದೂ ನಮ್ಮನೆಯಲ್ಲಿ ನನ್ನ ಕೆಲಸವೇ. ಅವರದು ದಪ್ಪ ಬೆರಳು. ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ, ತೆಗೆದು, ಪೆಟ್ರೋಲಿನಲ್ಲಿ ಅದ್ದಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಜಗುಲಿಯ ಅಂಚಿನಲ್ಲಿ ಕೂತು ಬಿಸಿಲಿಗೆ ಹಿಡಿದು ನೋಡುತ್ತೇನೆ. ತೂತಿನಲ್ಲಿ ಬೆಳಕು ದುಂಡಗೆ ಕಾಣಬೇಕು. ಒಂದು ಪಕ್ಕ ಚೂರು ಕತ್ತಲೆ ಕಂಡರೂ ಮತ್ತೆ ಅದ್ದುತ್ತೇನೆ. ಮೊನ್ನೆ ಅವರು ಹೊಲಿಗೆ ಸೂಜಿ ತಂದುಕೊಟ್ಟರು, "ಇದರಲ್ಲಿ ಚುಚ್ಚು, ಬೇಗ ಆಗುತ್ತೆ" ಅಂತ. ಒರಿಜಿನಲ್ ಬೇಕು ಅನ್ನುವವರ ಕಥೆ ನೋಡಿ.

ಕಾಕಾ ಹುಬ್ಬಳ್ಳಿ

ಶಭಾಷ್ ತಂಗಿ. ಜೆಟ್‌ಗೆ ಸೂಜಿ ಹಾಕಬಾರದು. ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾದರೆ ಗಾಡಿ ಪೆಟ್ರೋಲ್ ಕುಡಿಯೋಕೆ ಶುರು ಮಾಡುತ್ತದೆ, ಹೊಗೆ ಕಪ್ಪಗೆ ಬರುತ್ತದೆ. ನಿನ್ನ ಯಜಮಾನರಿಗೆ ನನ್ನ ಹೆಸರು ಹೇಳು.

ಬೆಂಚ್ ಸೀಟ್

ನಾನೇ ಆ ಯಜಮಾನ. ನೀಲಿ ಟಿಕ್ ನೋಡಿ ಇಲ್ಲಿಗೇ ಬಂದು ಅಕೌಂಟ್ ಮಾಡಿದೆ.

ಸೂಜಿ ಕೊಟ್ಟಿದ್ದು ನಿಜ, ಚುಚ್ಚಿಲ್ಲವಲ್ಲ. ನನ್ನ ವಾದವನ್ನೂ ಕೇಳಿ. ಆ ಮೇಷ್ಟ್ರು ಗಾಡಿ ಕೊಡುವಾಗ ಹ್ಯಾಂಡ್‌ಬುಕ್, ಜಾಕ್, ಸ್ಟೆಪ್ನಿ ಕವರ್ ಸಮೇತ ಕೊಟ್ಟರು. ಸರ್ವಿಸ್ ಆದ ಪ್ರತಿ ತಾರೀಖು ಒಂದು ನೋಟ್‌ಬುಕ್‌ನಲ್ಲಿ ಬರೆದಿದ್ದಾರೆ, ಎಷ್ಟು ಕಿಲೋಮೀಟರ್‌ಗೆ ಪ್ಲಗ್ ಬದಲಾಯಿಸಿದ್ದು ಅಂತ ಕೂಡ. ಇಷ್ಟು ವರ್ಷ ಒಬ್ಬರ ಕೈಯಲ್ಲಿ ಹಾಗೇ ಉಳಿದ ಗಾಡಿಗೆ ನಾವು ಬಂದ ಮೊದಲ ವರ್ಷವೇ ಕೈ ಹಾಕಬೇಕಾ? ಹೆರಾಲ್ಡ್‌ನವರ ಒಪ್ಪಂದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಆಲ್ಟರ್ನೇಟರ್ ಯಾಕೆ ಬೇಕು ಅಂತ ಇನ್ನೂ ಅರ್ಥ ಆಗಿಲ್ಲ. ನಾವು ರಾತ್ರಿ ಓಡಿಸಲ್ಲ.

ಗೇರ್ ವಿಷಯ ನಾನು ಒಪ್ಪಲ್ಲ.

ಅಂಬಿ ಫ್ಯಾನ್

ಸ್ವಾಗತ ಯಜಮಾನ್ರೇ. ಆರ್‌ಸಿ ಅವರ ಹೆಸರಲ್ಲಿದೆ, ನೆನಪಿರಲಿ.

ಘಾಟಿ ಸವಾರ

ಯಜಮಾನರಿಗೆ: ಮಳೆಗಾಲದಲ್ಲಿ ಮಲೆನಾಡಿಗೆ ಹೋಗಿ ನೋಡಿ, ಹಗಲಲ್ಲೂ ಹೆಡ್‌ಲೈಟ್, ವೈಪರ್ ಎರಡೂ ಬೇಕು. ನಿಧಾನದಲ್ಲಿ ಡೈನಮೋ ಚಾರ್ಜ್ ಮಾಡೋದೇ ಇಲ್ಲ, ಕೆಂಪು ದೀಪ ಉರಿಯುತ್ತಾ ಇರುತ್ತದೆ. ಲಾರಿ ಹಿಂದೆ ಅರ್ಧ ಗಂಟೆ ಹತ್ತಿದರೆ ಬ್ಯಾಟರಿ ಇಳಿಯುತ್ತದೆ, ಆಮೇಲೆ ಸೆಲ್ಫ್ ಎತ್ತಲ್ಲ, ತಳ್ಳಬೇಕು. ಯಾರು ತಳ್ಳುತ್ತಾರೆ ಅಂತ ಈಗಲೇ ಮಾತಾಡಿಕೊಳ್ಳಿ. ಮಾರುತಿ 800ರ ಆಲ್ಟರ್ನೇಟರ್‌ಗೆ ಬ್ರಾಕೆಟ್ ಮಾಡಿ ಕೂರಿಸುತ್ತಾರೆ, ಡೈನಮೋ ಬಿಚ್ಚಿ ಇಟ್ಟುಕೊಳ್ಳಬಹುದು.

ಡೈನಮೋಗಿಂತ ನಿಮಗೆ ಜಾಸ್ತಿ ಕಾಟ ಕೊಡೋದು ವೇಪರ್ ಲಾಕ್. ಪೆಟ್ರೋಲ್ ಪಂಪ್ ಇಂಜಿನ್ನಿಗೆ ಅಂಟಿಕೊಂಡೇ ಇರುತ್ತದೆ. ಬಿಸಿ ಏರಿದಾಗ ಒಳಗಿನ ಪೆಟ್ರೋಲ್ ಆವಿ ಆಗುತ್ತದೆ. ಪಂಪಿಗೆ ಆವಿಯನ್ನು ತಳ್ಳೋಕೆ ಆಗಲ್ಲ, ಕಾರ್ಬೊರೇಟರ್ ಒಣಗುತ್ತದೆ. ಚಾರ್ಮಾಡಿಯಲ್ಲಿ ನಮ್ಮ ಪದ್ಮಿನಿ ತಿರುವಿನಲ್ಲೇ ನಿಂತಿತ್ತು. ನನ್ನವಳು ಸ್ನಾನದ ಟವೆಲ್ ಒದ್ದೆ ಮಾಡಿ ಪಂಪಿಗೆ ಸುತ್ತಿದಳು. ಹತ್ತು ನಿಮಿಷ ಕೋತಿಗಳ ಜೊತೆ ಕೂತೆವು, ಸ್ಟಾರ್ಟ್ ಆಯಿತು. ಟವೆಲ್ ನನ್ನದು ಅನ್ನೋದು ಬೇರೆ ವಿಷಯ. ಈಗ ಟ್ಯಾಂಕಿನ ಹತ್ತಿರ ಒಂದು ಎಲೆಕ್ಟ್ರಿಕ್ ಪಂಪ್ ಹಾಕಿಸಿದ್ದೇವೆ, ಹಳೆಯದು ಜಾಗದಲ್ಲೇ ಇದೆ. ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗಲ್ಲ.

ಮೇಡಂ, ನೀವು ಚಿಕ್ಕಮಗಳೂರಿಗೆ ಬೀರೂರು, ಕಡೂರು ಮೇಲೆ ಹೋದರೆ ಘಾಟಿ ಇಲ್ಲ. ಬೆಳಿಗ್ಗೆ ಬೇಗ ಬಿಡಿ.

ಸುಮ್ನೆ ಓದುವವ

ಬೆಳಿಗ್ಗೆ ಬೇಗ ಬಿಟ್ಟರೆ ದಾವಣಗೆರೆ ಬೆಣ್ಣೆ ದೋಸೆ ತಪ್ಪಿ ಹೋಗುತ್ತದೆ. ಅದನ್ನು ಯೋಚನೆ ಮಾಡಿ.

ಜೆಸಿ ರೋಡ್ ಜಗ್ಗ

ಬೆಂಗಳೂರಲ್ಲಿ ಬೋರ್ಡ್ ಹಾಕಿಕೊಂಡಿರೋದು ಒಂದೂ ದಾವಣಗೆರೆ ದೋಸೆ ಥರ ಇರಲ್ಲ. ಯಾಕೆ ಅಂತ ಯಾರಾದ್ರೂ ಹೇಳಿ.

ಬೆಂಚ್ ಸೀಟ್

ಸೌದೆ ಒಲೆ ಸಾರ್. ಮತ್ತೆ ಹಿಟ್ಟಿಗೆ ಮಂಡಕ್ಕಿ ಹಾಕುತ್ತಾರೆ.

ಆರ್‌ಟಿಓ ಅಲೆದಾಟ

ಕಾರಿಗೆ ಬನ್ನಿ ಸ್ವಾಮಿ.

ಕರಾವಳಿ ತುಕ್ಕು

ಬಂದೆ. ಇಗ್ನಿಷನ್, ಡೈನಮೋ ಅಂತ ಎಲ್ಲರೂ ಬಡಿದಾಡುತ್ತಿದ್ದೀರಿ. ಕೆಳಗೆ ಯಾರಾದರೂ ಬಗ್ಗಿ ನೋಡಿದಿರಾ? ಬಾಡಿ ಗಟ್ಟಿ ಅಂತ ಬರೆದಿದ್ದೀರಿ. ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿ, ಸ್ಕ್ರೂ ಡ್ರೈವರ್ ತುದಿಯಿಂದ ಕುಟ್ಟಿ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಜಾಗ, ಬಾಗಿಲ ಕೆಳ ಅಂಚು, ಹಿಂದಿನ ಪಟ್ಟಾ ಸ್ಪ್ರಿಂಗ್ ಕಚ್ಚಿಕೊಳ್ಳುವ ಜಾಗ ನೋಡಿ. ಒಂದು ಅಯಸ್ಕಾಂತ ತಗೊಂಡು ಬಾಡಿ ಮೇಲೆಲ್ಲಾ ಆಡಿಸಿ. ಅಂಟದೇ ಇದ್ದ ಕಡೆ ಒಳಗೆ ಪುಟ್ಟಿ ಇದೆ ಅಂತ ಅರ್ಥ.

ನಾವು ಮಂಗಳೂರಲ್ಲಿ ಹೊಳೆಯುವ ಪದ್ಮಿನಿ ಒಂದನ್ನು ತಗೊಂಡೆವು. ಹೆಂಡತಿಗೆ ಬಣ್ಣ ಇಷ್ಟ ಆಯಿತು, ನನಗೆ ರೇಟ್ ಇಷ್ಟ ಆಯಿತು. ಟಿಂಕರಿಂಗ್‌ನವರು ಬಣ್ಣ ಕೆರೆದಾಗ ಒಳಗೆ ಸಿಕ್ಕಿದ್ದು ಪುಟ್ಟಿ, ತಗಡಿನ ತುಂಡು, ಒಂದು ಕಡೆ ಸಿಮೆಂಟ್! ಗಾಡಿಯ ಬೆಲೆಗಿಂತ ಜಾಸ್ತಿ ಟಿಂಕರಿಂಗ್‌ಗೆ ಹೋಯಿತು. ಇಂಜಿನ್ ಯಾವಾಗ ಬೇಕಾದರೂ ಮಾಡಿಸಬಹುದು. ಮೊದಲು ತಗಡು ಉಳಿಸಿಕೊಳ್ಳಿ.

ಬೆಂಚ್ ಸೀಟ್

ಮ್ಯಾಟ್ ಎತ್ತಿ ನೋಡಿದೆವು. ಡ್ರೈವರ್ ಕಡೆ ಅಂಗೈ ಅಗಲ ತುಕ್ಕು, ತೂತಾಗಿಲ್ಲ. ಬಾಗಿಲು ನಾಲ್ಕೂ ಸರಿ ಇದೆ. ಧನ್ಯವಾದ ಸಾರ್. ಅಯಸ್ಕಾಂತಕ್ಕೆ ಫ್ರಿಜ್ ಮೇಲಿದ್ದ ಗಣಪತಿಯನ್ನು ತಂದೆ. ಅಮ್ಮ ಬೈದರು.

ಹಾಸನದ ಅಮ್ಮು

ಇಲ್ಲಿ ಒಬ್ಬರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಡಿಲೈಟ್ ಮೇಡಂ, ಗ್ಯಾರೇಜಿನಲ್ಲಿ ನಿಮ್ಮ ಜೊತೆ ಮಾತಾಡುತ್ತಾರಾ? ನಮ್ಮದು ಅಂಬಾಸಿಡರ್, ನನ್ನ ಅಪ್ಪನದು. ಗಂಡನಿಗೆ ಕಾರೆಂದರೆ ಪ್ರೀತಿ, ಆದರೆ ಸ್ಪ್ಯಾನರ್ ಹಿಡಿಯೋಕೆ ಬರಲ್ಲ. ಗ್ಯಾರೇಜಿಗೆ ಹೋಗಿ ನಾನು "ಮೂರರಿಂದ ಎರಡನೇ ಗೇರ್‌ಗೆ ಇಳಿಸುವಾಗ ಕರ್ರ್ ಅನ್ನುತ್ತೆ" ಅಂದರೆ, ಅವರು ನನ್ನ ಗಂಡನ ಮುಖ ನೋಡಿ, "ಸಾರ್, ಸಿಂಕ್ರೋ ಹೋಗಿರಬೇಕು" ಅಂತಾರೆ. ಪಾಪ ಇವರು ಹೂಂ ಅಂತ ತಲೆ ಆಡಿಸುತ್ತಾರೆ, ಸಿಂಕ್ರೋ ಅಂದರೆ ಏನು ಅಂತ ಮನೆಗೆ ಬಂದು ನನ್ನನ್ನೇ ಕೇಳುತ್ತಾರೆ. ಬಿಲ್ ಮಾತ್ರ ನನ್ನ ಕೈಗೆ.

ದಾವಣಗೆರೆ ಡಿಲೈಟ್

ಅಯ್ಯೋ ಅದೇ ಕಥೆ! "ಸಾರ್ ಬರಲಿ ಮೇಡಂ, ಅವರಿಗೆ ಹೇಳ್ತೀನಿ." ಈಗ ಒಂದು ಉಪಾಯ ಮಾಡಿದ್ದೇನೆ. ಇವರನ್ನು ಬೀಡಾ ಅಂಗಡಿಯಲ್ಲಿ ನಿಲ್ಲಿಸಿ ನಾನೊಬ್ಬಳೇ ಒಳಗೆ ಹೋಗುತ್ತೇನೆ.

ಹೆರಾಲ್ಡ್ ಹುಚ್ಚ

ಇವರಿಗೆಲ್ಲ ಬರ್ತಾ ಬೆಂಜ್ ಕಥೆ ಹೇಳಬೇಕು. ಕಾರ್ಲ್ ಬೆಂಜ್ ಕಾರು ಮಾಡಿದ, ಸರಿ. ಅದಕ್ಕೆ ದುಡ್ಡು ಹಾಕಿದವರಲ್ಲಿ ಹೆಂಡತಿಯೂ ಇದ್ದಳು, ತನ್ನ ವರದಕ್ಷಿಣೆ ಹಣ ಕೊಟ್ಟಿದ್ದಳು. ಕಾರು ಮಾಡಿಯೂ ಜನ ಕೊಳ್ಳಲಿಲ್ಲ. 1888ರ ಆಗಸ್ಟಿನಲ್ಲಿ ಆಕೆ ಗಂಡನಿಗೆ ಹೇಳದೇ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ ತವರಿಗೆ ಹೊರಟಳು. ನೂರು ಕಿಲೋಮೀಟರ್ ಮೇಲೆ. ಪೆಟ್ರೋಲ್ ಬಂಕ್ ಎಲ್ಲಿತ್ತು ಆಗ? ದಾರಿಯಲ್ಲಿ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ಪೈಪ್ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕ್ ಸವೆದಾಗ ಚಮ್ಮಾರರ ಹತ್ತಿರ ಚರ್ಮ ಹೊಡೆಸಿದಳು. ಡಿಲೈಟ್ ಮೇಡಂ, ನೀವು ಅಮ್ಮನ ಮನೆಗೆ ಹೋಗಬೇಕು ಅನ್ನೋದಕ್ಕೆ ಇದಕ್ಕಿಂತ ಹಳೇ ದಾಖಲೆ ಬೇಕಾ?

ಬೆಂಚ್ ಸೀಟ್

ಪಿನ್ ಹಾಕಿದ್ದಾಳೆ ನೋಡಿ!

ಕಾಕಾ ಹುಬ್ಬಳ್ಳಿ

ಪೈಪಿಗೆ ಹಾಕಿದ್ದು. ಜೆಟ್‌ಗೆ ಅಲ್ಲ.

ಲೀಡ್ಸ್ ಕನ್ನಡತಿ

ಇಂಗ್ಲೆಂಡಿನಿಂದ ನಮಸ್ಕಾರ. ನಾನು ಶಿವಮೊಗ್ಗದವಳು. ನಮ್ಮದು ಮಾರಿಸ್ ಮೈನರ್, ಇಲ್ಲಿ ಬಂದ ಮೇಲೆ ತಗೊಂಡಿದ್ದು. ಇವರಿಗೆ ಊರಿನ ಅಂಬಾಸಿಡರ್ ನೆನಪು, ಅದಕ್ಕೇ ಮಾರಿಸ್ ಬೇಕು ಅಂತ ಹಟ ಹಿಡಿದರು. ಅಂಬಾಸಿಡರ್‌ನ ಮೂಲ ಮಾರಿಸ್ ಆಕ್ಸ್‌ಫರ್ಡ್ ಅಲ್ವಾ, ಮುಖ ನೋಡಿದರೇ ಗೊತ್ತಾಗುತ್ತದೆ.

ಇಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ. ದೊಡ್ಡ ಮಾರ್ಪಾಡು ಮಾಡಿರದಿದ್ದರೆ ವರ್ಷ ವರ್ಷದ ತಪಾಸಣೆಯೂ ಕಡ್ಡಾಯ ಅಲ್ಲ. ಆದರೂ ನಾವು ಮಾಡಿಸುತ್ತೇವೆ, ಬ್ರೇಕ್ ವಿಷಯದಲ್ಲಿ ಹುಡುಗಾಟ ಬೇಡ. ಅಂಗಡಿ, ಬ್ಯಾಂಕ್, ದೇವಸ್ಥಾನ ಎಲ್ಲಾ ಕಡೆ ಅದರಲ್ಲೇ ಹೋಗುತ್ತೇವೆ. ದಿನಾ ಓಡಿಸಬಾರದು ಅನ್ನೋ ನಿಯಮ ಓದಿ ಬೇಜಾರಾಯಿತು. ನಿಂತ ಕಾರೇ ಮೊದಲು ಕೆಡೋದು. ಸೀಲ್ ಒಣಗುತ್ತದೆ, ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ.

ಹಾಸನದ ಅಮ್ಮು, ನಿಮ್ಮ ಅಂಬಾಸಿಡರ್ ಹಳೇ 1489 ಸಿಸಿ ಇಂಜಿನ್ನಿನದು ಆದರೆ ಅದು ಇಲ್ಲಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಇಂಜಿನ್. ಇಲ್ಲಿನ ಎಂಜಿ, ಮಾರಿಸ್ ಸಾಮಾನಿನ ಅಂಗಡಿಗಳಲ್ಲಿ ಎಷ್ಟೋ ಭಾಗ ಇನ್ನೂ ಹೊಸದು ಸಿಗುತ್ತದೆ. ಯಾರಾದರೂ ಊರಿಗೆ ಬರುವಾಗ ಹೇಳಿ ಕಳಿಸಿ. ನಮ್ಮ ಅತ್ತೆಗೆ ಚಾಕಲೇಟ್ ತಗೊಂಡು ಹೋಗುವ ಸೂಟ್‌ಕೇಸಿನಲ್ಲಿ ಒಮ್ಮೆ ವಾಟರ್ ಪಂಪ್ ತಂದಿದ್ದೆವು.

ಹಾಸನದ ಅಮ್ಮು

ಅಕ್ಕಾ, ನಿಮಗೆ ಮೆಸೇಜ್ ಹಾಕಿದ್ದೇನೆ. ದಯವಿಟ್ಟು ನೋಡಿ!

ಅಂಬಿ ಫ್ಯಾನ್

ಅಂಬಾಸಿಡರ್ ಬಗ್ಗೆ ಕೊನೆಗೂ ಯಾರೋ ಮಾತಾಡಿದರು. ಫಿಯಟ್‌ನಲ್ಲಿ ನಾಲ್ಕು ಜನ ಕೂತರೆ ಐದನೆಯವರಿಗೆ ಟಿಕೆಟ್ ಇಲ್ಲ. ಅಂಬಾಸಿಡರ್‌ನಲ್ಲಿ ಇಡೀ ದಿಬ್ಬಣ ಹೋಗಿದೆ. 1957ರಿಂದ 2014ರ ತನಕ ಬಂದ ಗಾಡಿ. ಅಂದಹಾಗೆ ಒಂದು ಎಚ್ಚರಿಕೆ, 2000ನೇ ಇಸವಿಯಿಂದ ಸೀಸ ಹಾಕಿದ ಪೆಟ್ರೋಲ್ ನಿಂತಿತು. ಸೀಸ ಇಲ್ಲದ ಪೆಟ್ರೋಲ್ ಹಳೇ ಇಂಜಿನ್ನಿನ ವಾಲ್ವ್ ಸೀಟ್, ಅಂದರೆ ವಾಲ್ವ್ ಕೂರುವ ಅಂಚನ್ನು, ತಿಂದು ಹಾಕುತ್ತದೆ. ಡಿಲೈಟ್‌ನವರು ಇಂಜಿನ್ ಮೇಲಿನ ಹೆಡ್ ಬಿಚ್ಚಿ ಗಟ್ಟಿ ಸೀಟ್ ಹಾಕಿಸಿಕೊಳ್ಳಬೇಕು.

ಕಾಕಾ ಹುಬ್ಬಳ್ಳಿ

ಅಂಬಾಸಿಡರ್‌ಗೆ ಆ ಮಾತು ಸರಿ, ಬೀಡು ಕಬ್ಬಿಣದ ಹೆಡ್, ಸೀಟು ಹೆಡ್‌ನಲ್ಲೇ ಕೊರೆದಿರುತ್ತದೆ. ಫಿಯಟ್‌ದು ಅಲ್ಯೂಮಿನಿಯಂ ಹೆಡ್. ಅದರಲ್ಲಿ ಸೀಟು ಬೇರೆಯೇ ಕೂರಿಸಿರುತ್ತಾರೆ. ಓಡುತ್ತಿರುವ ಹೆಡ್ಡನ್ನು ಸುಮ್ಮನೆ ಬಿಚ್ಚಿಸಬೇಡ ತಂಗಿ. ನೀನು ಹೆದರಬೇಕಾದ್ದು ಬಿಸಿಗೆ. ಅಲ್ಯೂಮಿನಿಯಂ ಹೆಡ್ ಒಮ್ಮೆ ಕುದಿದರೆ ಸೊಟ್ಟ ಆಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಲೇತ್‌ನಲ್ಲಿ ಮಟ್ಟ ಮಾಡಿಸಬೇಕು. ರೇಡಿಯೇಟರ್ ತೊಳೆಸು. ಬೇಸಿಗೆಗೆ ಮುಂಚೆ ಹೋಸ್ ಎಲ್ಲಾ ಬದಲಾಯಿಸು. ಬಿಸಿ ತೋರಿಸುವ ಮುಳ್ಳು ಏರಿದರೆ ನಿಲ್ಲಿಸು, ಬಿಸಿಯಲ್ಲಿ ಮುಚ್ಚಳ ತೆಗೀಬೇಡ.

ಕರಾವಳಿ ತುಕ್ಕು

ಹೋಸ್ ಅಂದಾಗ ನೆನಪಾಯಿತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್. ಹಳೇ ರಬ್ಬರ್ ಪೈಪ್, ಪಂಪಿನ ಡಯಾಫ್ರಮ್ ಊದಿಕೊಂಡು ಬಿರಿಯುತ್ತದೆ. ಎಥನಾಲ್ ನೀರು ಹೀರುತ್ತದೆ, ಗಾಡಿ ತಿಂಗಳುಗಟ್ಟಲೆ ನಿಂತರೆ ಟ್ಯಾಂಕ್ ಒಳಗೆ ತುಕ್ಕು. ಎಥನಾಲ್ ತಡೆಯುವ ಪೈಪ್ ಕೇಳಿ ಹಾಕಿಸಿ, ಗಾಜಿನ ಫಿಲ್ಟರ್ ಒಂದು ಹಾಕಿ. ಪೈಪ್ ಸೋರಿ ಬಿಸಿ ಇಂಜಿನ್ ಮೇಲೆ ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಒಂದು ಅಗ್ನಿಶಾಮಕ ಸಿಲಿಂಡರ್ ಮುಂದಿನ ಸೀಟಿನ ಕೆಳಗಿರಲಿ. ಇದರಲ್ಲಿ ಒರಿಜಿನಲ್ ವಾದ ಬೇಡ.

ಬೆಂಚ್ ಸೀಟ್

ಇದರಲ್ಲಿ ವಾದ ಇಲ್ಲ ಸಾರ್. ನಾಳೆಯೇ ಪೈಪ್ ಹಾಕಿಸುತ್ತೇವೆ.

ದಾವಣಗೆರೆ ಡಿಲೈಟ್

ಸೀಟ್ ಬೆಲ್ಟ್ ಬಗ್ಗೆ ಯಾರೂ ಹೇಳಲಿಲ್ಲ.

ಘಾಟಿ ಸವಾರ

ಹಾಕಿಸಿ, ಆದರೆ ತಗಡಿಗೆ ತೂತು ಹೊಡೆದು ಬೋಲ್ಟ್ ಕಚ್ಚಿಸೋದಲ್ಲ. ಆ ಕಾಲದ ಬಾಡಿಯಲ್ಲಿ ಬೆಲ್ಟಿಗೆ ಅಂತ ಜಾಗ ಮಾಡಿರಲ್ಲ. ಕೆಳಗೆ ದಪ್ಪ ಉಕ್ಕಿನ ಪ್ಲೇಟ್ ಕೊಟ್ಟು ಹಾಕಬೇಕು, ಇಲ್ಲದಿದ್ದರೆ ಜೋರಾಗಿ ಎಳೆದಾಗ ಬೋಲ್ಟ್ ತಗಡನ್ನೇ ಹರಿದುಕೊಂಡು ಬರುತ್ತದೆ. ಬೆಂಚ್ ಸೀಟಿಗೆ ಸೊಂಟದ ಬೆಲ್ಟ್ ಹಾಕೋದು ಸುಲಭ. ಇದು ಕೊರೆಯೋ ಕೆಲಸ, ಹಾಗಾಗಿ ಹೆರಾಲ್ಡ್‌ನವರ ಲೆಕ್ಕದಲ್ಲಿ ಇಬ್ಬರೂ ಒಪ್ಪಬೇಕು.

ಬೆಲ್ಟಿಗಿಂತ ಮೊದಲು ಬ್ರೇಕ್. ನಾಲ್ಕೂ ಕಡೆ ಡ್ರಮ್. ಮುಂದಿನ ಗಾಡಿ ಹೊಸದಾಗಿದ್ದರೆ ಅದು ನಿಲ್ಲುವ ಜಾಗದಲ್ಲಿ ನೀವು ನಿಲ್ಲಲ್ಲ. ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ವೀಲ್ ಸಿಲಿಂಡರ್ ಕಿಟ್ ಬದಲಾಯಿಸಿ.

ಜೆಸಿ ರೋಡ್ ಜಗ್ಗ

ಖರ್ಚು ಜಾಸ್ತಿ ಆಯ್ತು ಅನ್ನಿಸಿದರೆ ಮದುವೆಗೆ ಬಾಡಿಗೆ ಕೊಡಿ. ಹೂ ಸುತ್ತಿ ನಿಲ್ಲಿಸಿದರೆ ಒಂದು ದಿನಕ್ಕೆ ಒಳ್ಳೇ ದುಡ್ಡು.

ಆರ್‌ಟಿಓ ಅಲೆದಾಟ

ಜಗ್ಗ, ಮತ್ತೆ ಶುರು ಮಾಡಿದಿರಾ? ಬಿಳಿ ಬೋರ್ಡ್ ಗಾಡಿ ಬಾಡಿಗೆಗೆ ಕೊಡುವಂತಿಲ್ಲ. ಏನಾದರೂ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ಇನ್ಶೂರೆನ್ಸ್ ಬಗ್ಗೆಯೂ ಒಂದು ಮಾತು. ಐದು ವರ್ಷ ದಾಟಿದ ಗಾಡಿಯ ಬೆಲೆಯನ್ನು ಕಂಪನಿ, ಮಾಲೀಕರು ಮಾತಾಡಿಕೊಂಡು ನಿಗದಿ ಮಾಡಬಹುದು. ನಿಮ್ಮ ಬಿಲ್, ಫೋಟೋ ಎಲ್ಲಾ ಒಂದು ಫೈಲಿನಲ್ಲಿಡಿ. ಸುಮ್ಮನೆ ಥರ್ಡ್ ಪಾರ್ಟಿ ಹಾಕಿಸಿ ಬಿಡಬೇಡಿ.

ಸುಮ್ನೆ ಓದುವವ

ಖರ್ಚಿನ ವಿಷಯ ಬಂತಲ್ಲ. ಮನೆಯಲ್ಲಿ ದೊಡ್ಡವರು ಏನಂತಾರೆ?

ದಾವಣಗೆರೆ ಡಿಲೈಟ್

ಅತ್ತೆ ಮೊದಮೊದಲು "ಆ ದುಡ್ಡಲ್ಲಿ ನಾಲ್ಕು ಬಳೆ ಬರ್ತಿತ್ತು" ಅಂತಿದ್ದರು. ಆಯುಧಪೂಜೆಗೆ ಚೆಂಡುಹೂವಿನ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಮೊದಲು ಅತ್ತೆಯನ್ನೇ ಕೂರಿಸಿಕೊಂಡು ದೇವಸ್ಥಾನಕ್ಕೆ ಹೋದೆವು. ಮುಂದಿನ ತ್ರಿಕೋನ ಗಾಜು ತಿರುಗಿಸಿ ಗಾಳಿ ಮುಖಕ್ಕೆ ಬರುವ ಹಾಗೆ ಇಟ್ಟುಕೊಂಡು, ಊರಲ್ಲಿ ಸಿಕ್ಕವರಿಗೆಲ್ಲಾ ಕೈ ಬೀಸಿದರು. ಈಗ ಓಣಿಯವರ ಮುಂದೆ "ನಮ್ಮ ಫಿಯಟ್" ಅಂತಾರೆ. ಪಾಲು ಮೂರಾಗಿದೆ.

ಹೆರಾಲ್ಡ್ ಹುಚ್ಚ

ಮೂರು ಜನರ ಜೊತೆ ಒಂದು ಟ್ರಿಪ್ ಹೇಳುತ್ತೇನೆ. ಶ್ರೀರಂಗಪಟ್ಟಣದ ಹತ್ತಿರ ಪಯಣ ಕಾರು ಸಂಗ್ರಹಾಲಯ ಇದೆ, ಧರ್ಮಸ್ಥಳದ ಹೆಗ್ಗಡೆಯವರದು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲೂ ಹಳೇ ಕಾರುಗಳಿವೆ. ಯಜಮಾನರಿಗೆ ಒರಿಜಿನಲ್ ನೋಡೋಕೆ, ನಿಮಗೆ ಓಡಿಸೋಕೆ, ಅತ್ತೆಗೆ ಮಂಜುನಾಥನ ದರ್ಶನ.

ಬೆಂಚ್ ಸೀಟ್

ಧರ್ಮಸ್ಥಳಕ್ಕೆ ಹೋಗಬೇಕಂದರೆ ಚಾರ್ಮಾಡಿ ಇಳಿಯಬೇಕು. ಬರುವಾಗ ಹತ್ತಬೇಕು. ಸರಿ, ಎಲೆಕ್ಟ್ರಿಕ್ ಪಂಪ್ ಹಾಕಿಸೋಣ. ಹಳೇದು ಜಾಗದಲ್ಲೇ ಇರಬೇಕು, ಪಾಯಿಂಟ್ ಈ ವರ್ಷ ಹಾಗೇ ಇರಲಿ, ಆಲ್ಟರ್ನೇಟರ್ ಮಳೆಗಾಲ ನೋಡಿ ಯೋಚನೆ.

ದಾವಣಗೆರೆ ಡಿಲೈಟ್

ಪಂಪ್, ಪೈಪ್, ಬ್ರೇಕ್ ಕಿಟ್, ಬೆಲ್ಟ್. ನಾಲ್ಕೂ ಒಪ್ಪಿದ್ದೀರಿ, ಎಲ್ಲರೂ ಸಾಕ್ಷಿ. ಮಾಮೂಲಿ ಆರ್‌ಸಿಯೇ ನವೀಕರಣ. ಜಗ್ಗಣ್ಣ, ಮುಂದಿನ ಬಲಗಡೆ ಬಾಗಿಲಿನ ರಬ್ಬರ್ ಬೀಡಿಂಗ್ ಸಿಗುತ್ತದಾ?

ಜೆಸಿ ರೋಡ್ ಜಗ್ಗ

ಹಳೇ ಬೀಡಿಂಗ್‌ನ ಒಂದು ಇಂಚು ಕತ್ತರಿಸಿ ಕಳಿಸಿ ಮೇಡಂ, ಆಕಾರ ನೋಡಿ ಹುಡುಕುತ್ತೇನೆ. ಫೋಟೋದಲ್ಲಿ ಗೊತ್ತಾಗಲ್ಲ. ಅಂದಹಾಗೆ ಪರಿಚಯದವರ ಕಾಂಟೆಸ್ಸಾ ಒಂದು ಮಾರಾಟಕ್ಕಿದೆ, ಇಸುಜು ಇಂಜಿನ್. ಯಾರಿಗಾದರೂ ಬೇಕಾ?

ಸುಮ್ನೆ ಓದುವವ

ಕಲರ್ ಯಾವುದು? ನನ್ನ ಹೆಸರಲ್ಲಿ ಬೇಡ, ಸುಮ್ನೆ ಕೇಳ್ತಿದ್ದೀನಿ.